ನಲವತ್ತು ಎಡತೋಳು

ಹತ್ತೊಂಬತ್ತು ವರ್ಷ ನಾನು ಮಾಸ್ಟರ ಬೆನ್ನು ನೋಡಿದ್ದೇನೆ. ನಮ್ಮ ಹೊಲಿಗೆ ಕೋಣೆಯಲ್ಲಿ ಕಟ್ಟಿಂಗ್ ಮೇಜು ಕಿಟಕಿಯ ಕಡೆಗಿದೆ. ಬಟ್ಟೆ ಕತ್ತರಿಸುವವರಿಗೆ ಬೆಳಕು ಬೇಕಲ್ಲ. ಅವರ ಹಿಂದೆ ಎರಡು ಸಾಲು ಮಷಿನ್ನು, ಅದರ ಹಿಂದೆ ಗೋಡೆಗೆ ಒರಗಿಸಿದ ನನ್ನ ಸ್ಟೂಲು. ನನ್ನದು ಕೊನೆಯ ಕೆಲಸ: ಗುಂಡಿ ಹೊಲಿಯುವುದು, ಕಾಜಾ ಹಾಕುವುದು, ಅಂಚು ಮಡಿಸುವುದು, ಜೋತುಬಿದ್ದ ದಾರ ಕತ್ತರಿಸುವುದು. ತಲೆ ಎತ್ತಿದರೆ ಕಾಣುವುದು ಮಾಸ್ಟರ ಬೆನ್ನೇ. ನಗು ಬಂದರೆ ಅವರ ಎಡಭುಜ ಕುಣಿಯುತ್ತದೆ. ಸಿಟ್ಟು ಬಂದರೆ ಕತ್ತು ಭುಜದೊಳಗೆ ಇಳಿಯುತ್ತದೆ. ಅವರ ಹೆಂಡತಿಗೆ ಅವರ ಮುಖ ಎಷ್ಟು ಗೊತ್ತೋ ನನಗೆ ಆ ಬೆನ್ನು ಅಷ್ಟು ಗೊತ್ತು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಎಂಥ ಪೊಳ್ಳು ಎನ್ನುವುದು ಆಮೇಲೆ ತಿಳಿಯಿತು.

ಮಾಸ್ಟರು ಮೀಸೆ ಚಿಗುರುವ ಮೊದಲೇ ಚಿಕ್ಕಪ್ಪನ ಹೊಲಿಗೆ ಅಂಗಡಿ ಸೇರಿದವರು. ಮೊದಲ ಮೂರು ವರ್ಷ ಬಟ್ಟೆಯ ಮೇಲೆ ಚಾಕ್ ತುಂಡಿನಿಂದ ಗೆರೆ ಎಳೆಯುವುದಕ್ಕೆ ಮಾತ್ರ ಅಪ್ಪಣೆಯಂತೆ. ಕತ್ತರಿ ಮುಟ್ಟಿದರೆ ಕೈಮೇಲೆ ಅಳತೆಪಟ್ಟಿ ಬೀಳುತ್ತಿತ್ತಂತೆ. ಇಪ್ಪತ್ತೊಂದಕ್ಕೆ ಚಿಕ್ಕಪ್ಪ ತನ್ನದೇ ಕತ್ತರಿ ಕೊಟ್ಟರು. ಮೊಳದುದ್ದದ, ಕೈ ಸೋಲುವಷ್ಟು ಭಾರದ ಕಬ್ಬಿಣದ ಕತ್ತರಿ. ಹಿಡಿಗೆ ಸುತ್ತಿದ ಬಟ್ಟೆ ಮಾಸ್ಟರ ಹೆಬ್ಬೆರಳಿನ ಆಕಾರಕ್ಕೆ ಸವೆದಿದೆ. ಕಟ್ಟಿಂಗ್ ಮಾಸ್ಟರ ಕತ್ತರಿಯನ್ನು ಬೇರೆಯವರು ಮುಟ್ಟಬಾರದು, ಅದರಲ್ಲಿ ಕಾಗದ ಕತ್ತರಿಸುವುದಂತೂ ಮಹಾಪರಾಧ. ಒಮ್ಮೆ ನಮ್ಮ ಮಾಲೀಕರು ಅವಸರದಲ್ಲಿ ಅದರಿಂದ ರಟ್ಟಿನ ಡಬ್ಬಿ ಕತ್ತರಿಸಿಬಿಟ್ಟಿದ್ದರು. ಮಾಸ್ಟರು ಮೂರು ದಿನ ಅವರ ಹತ್ತಿರ ಮಾತು ಬಿಟ್ಟಿದ್ದರು. ಸಂಬಳ ಕೊಡುವವರ ಹತ್ತಿರವೇ!

ಮಾತು ಬಿಡುವುದು ಅವರಿಗೆ ಸುಲಭವಾಗಿರಲಿಲ್ಲ, ಯಾಕೆಂದರೆ ಅವರು ಮಹಾ ಮಾತುಗಾರ. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, "ಬಿಡಿ ಸ್ವಾಮಿ, ಉಸಿರು ಬಿಡಿ. ಇಲ್ಲಿ ಎಳ್ಕೊಂಡು ಮನೇಲಿ ಬಿಟ್ರೆ ಆಮೇಲೆ ಗುಂಡಿ ನನ್ನ ಬೈಯುತ್ತೆ" ಎನ್ನುತ್ತಿದ್ದರು. ನನಗೆ ಸೂಜಿ ಎಂದು ಹೆಸರಿಟ್ಟವರೂ ಅವರೇ. ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಮಾಲೀಕರಿಗೆ ಎದುರುತ್ತರ ಕೊಟ್ಟಿದ್ದೆ. ಸಂಜೆಯ ಹೊತ್ತಿಗೆ ನನ್ನ ಸ್ವಂತ ಹೆಸರು ಎಲ್ಲರಿಗೂ ಮರೆತುಹೋಗಿತ್ತು. ಮಾಲೀಕರನ್ನು ನಾವು ಬೆನ್ನ ಹಿಂದೆ 'ಆಯ್ತಾ' ಎನ್ನುತ್ತಿದ್ದೆವು. ಬಾಗಿಲಲ್ಲಿ ತಲೆ ಹಾಕಿದಾಗಲೆಲ್ಲ ಅವರ ಬಾಯಲ್ಲಿ ಬರುವುದು ಅದೊಂದೇ ಮಾತು.

ಇಂಥ ಮಾಸ್ಟರು ಮಾತು ನಿಲ್ಲಿಸಿದ್ದು ಯಾವಾಗ ಎಂದು ಕೇಳಿದರೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆರು ಮಷಿನ್ನು ಒಟ್ಟಿಗೆ ಗರಗರ ಎನ್ನುವ ಕೋಣೆಯಲ್ಲಿ ಒಬ್ಬರು ಸುಮ್ಮನಾದರೆ ಕಿವಿಗೆ ಗೊತ್ತಾಗುವುದಿಲ್ಲ. ಶನಿವಾರ ಸಂಜೆ ತಪ್ಪದೆ ಕತ್ತರಿ ಮಸೆಯುತ್ತಿದ್ದವರು ಮಸೆಯುವುದು ಬಿಟ್ಟರು. ಅವರ ಮೇಜಿನ ಮೇಲೆ ಟೀ ಕೆನೆಗಟ್ಟಿ ಕೂರತೊಡಗಿತು. ಊಟದ ಡಬ್ಬಿ ಬಂದ ಹಾಗೇ ವಾಪಸು ಹೋಗತೊಡಗಿತು. ಮೊದಲೆಲ್ಲ ಒಂಬತ್ತಕ್ಕೆ ಬರುತ್ತಿದ್ದವರು ಏಳಕ್ಕೇ ಬಂದು, ಬೀಗ ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ನಾನೋ, "ಏನ್ ಮಾಸ್ಟರ್, ಅತ್ತಿಗೆ ಮನೆಯಿಂದ ಓಡಿಸಿಬಿಟ್ರಾ?" ಎಂದು ಚುಡಾಯಿಸಿದ್ದೆ. ಅವರ ಹೆಂಡತಿಯನ್ನು ನಾನು ಅತ್ತಿಗೆ ಎಂದೇ ಕರೆಯುವುದು.

ಒಂದು ದಿನ ಅವರ ಅಂಗಿಯ ಮೇಲಿನ ಗುಂಡಿ ಇರಲಿಲ್ಲ. ಮರುದಿನವೂ ಇರಲಿಲ್ಲ. ವಾರ ಕಳೆದರೂ ಅದೇ ಅಂಗಿ, ಅದೇ ಗುಂಡಿಯಿಲ್ಲದ ಕೊರಳು. ಹೊಲಿಗೆಯವನ ಅಂಗಿಗೆ ಗುಂಡಿ ಇಲ್ಲ ಎಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ನಾನು ಸೂಜಿ-ದಾರ ಹಿಡಿದು ಎದುರು ಹೋಗಿ ನಿಂತೆ. ಚಿಕ್ಕ ಮಗುವಿನ ಹಾಗೆ ಗದ್ದ ಮೇಲೆತ್ತಿ ನಿಂತರು. ನಾನು ಹೊಲಿದು, ದಾರ ಕಚ್ಚಿ ಕತ್ತರಿಸಿ, "ಮನಸ್ಸು ಗಟ್ಟಿ ಮಾಡ್ಕೊಳ್ಳಿ ಮಾಸ್ಟರ್" ಎಂದೆ. ಯಾಕೆ ಹಾಗೆಂದೆನೋ. ಬಾಯಿಗೆ ಬಂದದ್ದು ಅದೇ.

"ಮಾಡ್ಕೋಬೇಕು" ಎಂದರು. ಅಷ್ಟೇ. ನಾನೂ ಒಳ್ಳೆಯ ಬುದ್ಧಿ ಹೇಳಿದೆ ಎಂದು ನೆಮ್ಮದಿಯಿಂದ ಸ್ಟೂಲಿಗೆ ಮರಳಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಕೋಪ ಬರುತ್ತದೆ. ಗಟ್ಟಿ ಮಾಡಿಕೊಳ್ಳುವುದಕ್ಕೆ ಮನಸ್ಸೇನು ಹಿಟ್ಟೇ?

ಆಮೇಲೆ ಕಾವಲುಗಾರರ ಕೋಟುಗಳ ಕೆಲಸ ಬಂತು. ಚಳಿಗಾಲದ ದಪ್ಪ ಕೋಟು, ಒಟ್ಟು ನಲವತ್ತು. ಬಟ್ಟೆಯ ಒಂದು ಮೈ ನುಣುಪು, ಇನ್ನೊಂದು ಒರಟು. ಹೀಗೆ ಮುಖ ಇರುವ ಬಟ್ಟೆ ಕತ್ತರಿಸುವುದಕ್ಕೆ ಒಂದು ಕ್ರಮವಿದೆ. ನಲವತ್ತು ಪದರವನ್ನೂ ನುಣುಪು ಮೇಲಾಗಿ ಒಂದರ ಮೇಲೊಂದು ಹಾಸಬೇಕು. ಮೇಲಿನ ಪದರದ ಮೇಲೆ ತೋಳಿನ ಆಕಾರಕ್ಕೆ ಕತ್ತರಿಸಿದ ಕಾಗದವಿಟ್ಟು ಗೆರೆ ಎಳೆಯಬೇಕು. ಆಮೇಲೆ ಆ ಕಾಗದವನ್ನು ಮಗುಚಿ ಹಾಕಿ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಬೇಕು. ಆಗ ಎಡತೋಳು, ಬಲತೋಳು ಎರಡೂ ಬರುತ್ತವೆ. ಇದು ಯೋಚಿಸಿ ಮಾಡುವ ಕೆಲಸವೂ ಅಲ್ಲ. ಚಪ್ಪಲಿ ಮೆಟ್ಟುವಾಗ ಎಡ ಯಾವುದು ಬಲ ಯಾವುದು ಎಂದು ನಾವು ಯೋಚಿಸುತ್ತೇವೆಯೇ, ಹಾಗೆ.

ಮಾಸ್ಟರು ಕಾಗದ ಮಗುಚಲಿಲ್ಲ. ಪಕ್ಕಕ್ಕೆ ಸರಿಸಿ ಹಾಗೇ ಗೆರೆ ಎಳೆದರು. ಕತ್ತರಿಸುವ ಮಷಿನ್ನು ಹಚ್ಚಿ ಎಲ್ಲ ಪದರಗಳನ್ನೂ ಒಮ್ಮೆಗೇ ಕೊಯ್ದುಬಿಟ್ಟರು. ಎಂಬತ್ತು ತೋಳು, ಎಂಬತ್ತೂ ಎಡ.

ಕಂಡುಹಿಡಿದದ್ದು ಮೊದಲ ಸಾಲಿನ ಮಷಿನ್ನಿನ ಉದ್ದಣ್ಣ. ಮೊದಲ ಕೋಟಿಗೆ ಎಡತೋಳು ಕೂಡಿಸಿದ. ಬಲಗಡೆಗೆ ಎಷ್ಟು ತಿರುಗಿಸಿದರೂ ತೋಳು ಕೂರಲಿಲ್ಲ. ಕಟ್ಟಿನಿಂದ ಇನ್ನೊಂದು ಎಳೆದ, ಮತ್ತೊಂದು ಎಳೆದ. ಕೊನೆಗೆ ಮಷಿನ್ನು ನಿಲ್ಲಿಸಿ, ಎರಡು ತೋಳು ಎತ್ತಿ ಹಿಡಿದು, ಗರ ಬಡಿದವರ ಹಾಗೆ ನಮ್ಮನ್ನೆಲ್ಲ ನೋಡಿದ. ಒಂದೊಂದೇ ಮಷಿನ್ನು ನಿಂತಿತು. ಆ ಕೋಣೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಆ ನಿಶ್ಶಬ್ದದಲ್ಲಿ ಬಾಯಿಬಿಟ್ಟವಳು ನಾನು. "ಎರಡೂ ಎಡಗೈ ಇರೋ ಕಾವಲುಗಾರರನ್ನ ಎಲ್ಲಿಂದ ಹಿಡ್ಕೊಂಡು ಬಂದ್ರಿ ಮಾಸ್ಟರ್?"

ಎಲ್ಲರೂ ಹೋ ಎಂದು ನಕ್ಕರು. ಮಾಸ್ಟರೂ ತಿರುಗಿ ನಕ್ಕರು. ಹಲ್ಲು ಕಂಡವು, ಭುಜ ಮಾತ್ರ ಅಲುಗಲಿಲ್ಲ. ಅದನ್ನು ನಾನು ನೋಡಿದೆ. ನೋಡಿಯೂ ಗುಂಡಿ ಹೊಲಿಯುತ್ತ ಕೂತೆ.

ಮಾಲೀಕರು ಬಂದು, "ಆಯ್ತಾ?" ಎಂದು ಕೇಳಿ, ವಿಷಯ ತಿಳಿದು, ತಲೆ ಮೇಲೆ ಕೈ ಹೊತ್ತು ಕೂತರು. ಬೈಯಲಿಲ್ಲ, ಅದು ಅವರ ದೊಡ್ಡತನ. ಬೇರೆ ಬಟ್ಟೆ ತರಿಸಿ ಬಲತೋಳು ಕತ್ತರಿಸೋಣ, ಮಿಕ್ಕ ನಲವತ್ತನ್ನು ಚಿಂದಿಗೆ ಹಾಕೋಣ ಎಂದರು. ಸಂಜೆ ಎಲ್ಲರೂ ಹೊರಟ ಮೇಲೆ ಮಾಸ್ಟರು ನನ್ನ ಸ್ಟೂಲಿನ ಹತ್ತಿರ ಬಂದರು. ಕೈಯಲ್ಲಿ ಕತ್ತರಿಯಿತ್ತು. ಹಿಡಿ ನನ್ನ ಕಡೆ ಮಾಡಿ ಚಾಚಿದರು.

"ಇದು ನೀನಿಟ್ಕೋ ಸೂಜಿ."

"ಮಸೆಸಿಕೊಂಡು ಬರ್ಬೇಕಾ?"

"ಬೇಡ. ಇಟ್ಕೋ. ನಿನಗಾದ್ರೂ ಉಪಯೋಗಕ್ಕೆ ಬರುತ್ತೆ."

ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಭಾರಕ್ಕೆ ಚೀಲದ ಪಟ್ಟಿ ಭುಜ ಕೊಯ್ಯುತ್ತಿತ್ತು. ನನ್ನ ಬಸ್ಸು ಬಂತು, ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಆಗ ಹೊಳೆಯಿತು. ಮುಟ್ಟಿದರೆ ಕೆರಳುವ ಮನುಷ್ಯ ತನ್ನ ಕತ್ತರಿಯನ್ನು ಕೊಟ್ಟು ಕಳಿಸುತ್ತಾನೆ ಎಂದರೆ, ನಾಳೆಯಿಂದ ಅದು ಬೇಕಾಗುವುದಿಲ್ಲ ಎಂದು ಅವನಿಗೆ ಗೊತ್ತಿದೆ. ಕಾಲು ಕೆಳಗಿಳಿಸಿ, ಕಂಡಕ್ಟರನ ಬೈಗುಳ ತಿಂದು, ಎದುರು ದಿಕ್ಕಿನ, ಮಾಸ್ಟರ ಮನೆ ಕಡೆಯ ಬಸ್ಸು ಹತ್ತಿದೆ.

ಅತ್ತಿಗೆ ಬಾಗಿಲು ತೆಗೆದವರೇ ನಗುತ್ತ, "ಬಾ, ಇವತ್ತು ನಿಮ್ಮ ಮಾಸ್ಟರ್ ಬಹಳ ದಿನದ ಮೇಲೆ ಕೆಲಸಕ್ಕೆ ಕೂತಿದ್ದಾರೆ. ಬೀರು ಎಲ್ಲ ಜೋಡಿಸ್ತಿದ್ದಾರೆ" ಎಂದರು. ಒಳಗೆ ಮಾಸ್ಟರು ನೆಲದ ಮೇಲೆ ಕೂತು, ಮೂವತ್ತು ವರ್ಷದ ಅಳತೆ ಕಾಗದಗಳನ್ನು ಸುರುಳಿ ಸುತ್ತಿ, ದಾರ ಕಟ್ಟಿ, ಯಾವುದು ಯಾರದೆಂದು ಚೀಟಿ ಅಂಟಿಸುತ್ತಿದ್ದರು. ಮುಂದೆ ಬರುವವನಿಗೆ ತೊಂದರೆ ಆಗಬಾರದು ಎನ್ನುವ ಅಚ್ಚುಕಟ್ಟು.

ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಎದುರು ಕೂತು ಕೇಳಿದೆ: "ಮಾಸ್ಟರ್, ಸಾಯೋ ಯೋಚನೆ ಇದೆಯಾ?"

ಅತ್ತಿಗೆ ಗದರಿದರು. "ಏನೇ ನಿನ್ನ ಬಾಯಿ! ಅಂಥ ಮಾತು ಆಡ್ತಾರಾ?"

ಮಾಸ್ಟರು ಕೈಯಲ್ಲಿದ್ದ ದಾರದ ಉಂಡೆ ಕೆಳಗಿಟ್ಟರು. ಆಮೇಲೆ, "ಸಾಕಾಗಿದೆ ಸೂಜಿ" ಎಂದರು. "ಕಾರಣ ಕೇಳ್ಬೇಡ. ನಾನೂ ಹುಡುಕಿ ಹುಡುಕಿ ಸೋತೆ. ಮನೆ ಚೆನ್ನಾಗಿದೆ, ಇವಳು ಚೆನ್ನಾಗಿದ್ದಾಳೆ, ಮಗಳು ಗಂಡನ ಮನೇಲಿ ಸುಖವಾಗಿದ್ದಾಳೆ. ಆದ್ರೂ ನೀವೆಲ್ಲ ಮಾತಾಡೋದು ಪಕ್ಕದ ಮನೆ ರೇಡಿಯೋ ತರ ಕೇಳಿಸುತ್ತೆ. ಬಟ್ಟೆ ಹಾಸಿರ್ತೀನಿ, ಚಾಕ್ ತುಂಡು ಕೈಲಿರುತ್ತೆ, ಗೆರೆ ಎಲ್ಲಿಂದ ಎಳೀಬೇಕು ಅಂತಾನೇ ಗೊತ್ತಾಗಲ್ಲ. ಇವತ್ತು ಕೈನೂ ಕೈಕೊಡ್ತು. ಇನ್ನೇನು ಉಳೀತು ಹೇಳು."

ಅತ್ತಿಗೆ ಅವರ ಪಕ್ಕದಲ್ಲಿ ಬಂದು ಕೂತರು. ಆರು ತಿಂಗಳಿಂದ ಒಂದೇ ಹಾಸಿಗೆಯಲ್ಲಿ ಮಲಗಿದ್ದರೂ ಇವರು ಎಲ್ಲೋ ದೂರದಲ್ಲಿದ್ದ ಹಾಗಿತ್ತು, ನನ್ನ ಮೇಲೇ ಏನೋ ಮುನಿಸಿರಬೇಕು ಅಂದುಕೊಂಡೆ ಎಂದು ಅತ್ತರು. ಪಾಪ, ಆ ಮನೆಯಲ್ಲಿ ಇಬ್ಬರೂ ಒಬ್ಬೊಬ್ಬರೇ ಇದ್ದರು. ನಾನು ಅಂದು ನನ್ನ ಕೋಣೆಗೆ ಹೋಗಲಿಲ್ಲ. "ನಾಳೆ ಆಸ್ಪತ್ರೆಗೆ ಹೋಗೋಣ, ಅಲ್ಲೀವರೆಗೂ ನಾನೆಲ್ಲಿಗೂ ಹೋಗಲ್ಲ" ಎಂದು ಹಾಸಿಗೆ ಕೇಳಿ ಹಾಸಿಕೊಂಡೆ.

ಆಸ್ಪತ್ರೆಯಲ್ಲಿ ಮನಸ್ಸಿನ ವಿಭಾಗ ಎಲ್ಲಕ್ಕಿಂತ ಹಿಂದಿನ ಕಟ್ಟಡದಲ್ಲಿತ್ತು, ಬಟ್ಟೆ ಒಗೆಯುವ ಕೋಣೆಯ ಪಕ್ಕ. ಅಲ್ಲಿ ಬೆಂಚಿನ ಮೇಲೆ ಕೂತವರೆಲ್ಲ ಗೋಡೆಯನ್ನೇ ನೋಡುತ್ತಿದ್ದರು, ಯಾರಾದರೂ ಗುರುತಿನವರು ಕಂಡಾರೆಂದು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿದ್ದೆ, ಊಟ, ಕೆಲಸ, ಇಷ್ಟದ ಸಂಗತಿಗಳು, ಎಷ್ಟು ದಿನದಿಂದ ಎಂದೆಲ್ಲ ಕೇಳಿದರು. ಕೊನೆಗೆ ನಾನು ಕೇಳಿದ್ದನ್ನೇ ಕೇಳಿದರು. ಮಾಸ್ಟರು "ಇದೆ" ಎಂದು ಸರಾಗವಾಗಿ ಹೇಳಿದರು, ತುಂಬ ದಿನದ ಹೊರೆ ಇಳಿಸಿದವರ ಹಾಗೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲವಂತೆ. ಅತ್ತಿಗೆಯ ಕಡೆ ತಿರುಗಿ ಡಾಕ್ಟರು ಅದನ್ನು ಎರಡು ಸಲ ಹೇಳಿದರು.

"ಇದಕ್ಕೆ ಖಿನ್ನತೆ ಅಂತೀವಿ" ಎಂದರು ಡಾಕ್ಟರು. "ಇದು ಕಾಯಿಲೆ. ಸೋಮಾರಿತನ ಅಲ್ಲ, ಪುಕ್ಕಲುತನ ಅಲ್ಲ. ಕಾರಣ ಇದ್ದೇ ಬರ್ಬೇಕು ಅಂತಿಲ್ಲ."

"ಹೆಸರಿದೆಯಲ್ಲ, ಸದ್ಯ" ಎಂದರು ಮಾಸ್ಟರು.

ಮಾತ್ರೆ ಬರೆದುಕೊಟ್ಟರು. ಎರಡು ಮೂರು ವಾರ ಏನೂ ಗೊತ್ತಾಗುವುದಿಲ್ಲ, ಬಿಡಬಾರದು. ಸ್ವಲ್ಪ ಚೆನ್ನಾಗಿದೆ ಅನ್ನಿಸಿದ ಕೂಡಲೇ ನಿಮ್ಮಷ್ಟಕ್ಕೆ ನಿಲ್ಲಿಸಲೂಬಾರದು. ವಾರಕ್ಕೊಮ್ಮೆ ಬಂದು ಮಾತಾಡಿ. ದಿನಾ ಒಂದೇ ಹೊತ್ತಿಗೆ ಏಳಿ, ಸ್ವಲ್ಪ ನಡೆಯಿರಿ. ಯೋಚನೆ ಜೋರಾದರೆ ಹೊತ್ತು ನೋಡದೆ ಆಸ್ಪತ್ರೆಗೆ ಬನ್ನಿ. ಮಾತ್ರೆಯ ಡಬ್ಬಿ ಹೆಂಡತಿಯ ಹತ್ತಿರ ಇರಲಿ, ಹರಿತವಾದದ್ದು ಮನೆಯಲ್ಲಿ ಕೈಗೆ ಸಿಗುವ ಹಾಗಿರುವುದು ಬೇಡ. "ದಿನಕ್ಕೊಂದು ಸಣ್ಣ ಕೆಲಸ ಮಾಡಿ. ಶುರು ಆಗಿ ಮುಗಿಯೋ ಅಂಥದ್ದು. ಮನಸ್ಸು ಬರಲಿ ಆಮೇಲೆ ಮಾಡ್ತೀನಿ ಅಂತ ಕಾಯ್ಬೇಡಿ. ಮೊದಲು ಕೈ ಹೋಗ್ಲಿ, ಮನಸ್ಸು ಹಿಂದಿನಿಂದ ಬರುತ್ತೆ."

ನನ್ನ ತಲೆಯಲ್ಲಿ ಚಿಂದಿಗೆ ಹೋಗಲಿದ್ದ ನಲವತ್ತು ಎಡತೋಳು ಕುಣಿದವು.

ಮಾಲೀಕರನ್ನು ಕೇಳಿದೆ. "ಅವನ್ನ ಏನ್ ಮಾಡ್ತೀಯಮ್ಮ?" ಎಂದರು. "ಔಷಧ" ಎಂದೆ. ನನ್ನನ್ನೊಮ್ಮೆ, ಕಟ್ಟನ್ನೊಮ್ಮೆ ನೋಡಿ, ತೆಗೆದುಕೊಂಡು ಹೋಗು ಎಂದು ಕೈಯಾಡಿಸಿದರು.

ಅವತ್ತಿನಿಂದ ನನ್ನ ಸಂಜೆಗಳು ಹೀಗೆ: ಕೆಲಸ ಮುಗಿಸಿ, ಚೀಲದಲ್ಲಿ ಒಂದು ತೋಳು, ಒಂದು ಚಾಕ್ ತುಂಡು, ಆ ಭಾರದ ಕತ್ತರಿ ಇಟ್ಟುಕೊಂಡು ಎದುರು ದಿಕ್ಕಿನ ಬಸ್ಸು ಹತ್ತುವುದು. ಮಾಸ್ಟರ ಮುಂದೆ ತೋಳು ಹಾಸಿ, "ಇದರಲ್ಲಿ ಏನಾದ್ರೂ ಮಾಡಿ" ಎನ್ನುವುದು. ಅವರು ಮಾಡಿದ ಮೇಲೆ ಕತ್ತರಿ ತೆಗೆದುಕೊಂಡು ನನ್ನ ಕೋಣೆಗೆ ಹೋಗುವುದು. ಕತ್ತರಿ ರಾತ್ರಿ ನನ್ನ ಹತ್ತಿರ ಇರಬೇಕು ಎಂದು ನಾನೂ ಹೇಳಲಿಲ್ಲ, ಅತ್ತಿಗೆಯೂ ಹೇಳಲಿಲ್ಲ. ಮೊದಲ ದಿನವೇ ಮಾಸ್ಟರು ಹಿಡಿ ನನ್ನ ಕಡೆ ತಿರುಗಿಸಿ, "ತಗೊಂಡ್ಹೋಗು" ಎಂದರು. ನನ್ನ ಕಣ್ಣು ತಪ್ಪಿಸಿದರು. ತನ್ನನ್ನು ತಾನು ನಂಬದವನು ಎಷ್ಟು ಒಂಟಿ ಎನ್ನುವುದು ಆ ಒಂದು ಮಾತಿನಲ್ಲಿ ನನಗೆ ತಿಳಿಯಿತು.

ಮೊದಲ ತೋಳಿನ ಮೇಲೆ ಒಂದು ಗೆರೆ ಎಳೆದರು, ಅಷ್ಟೇ. ಎಳೆದು ಬೆವತುಹೋದರು. ಎರಡನೆಯದನ್ನು ಮಧ್ಯಕ್ಕೆ ಕತ್ತರಿಸಿ ಸುಮ್ಮನೆ ಕೂತರು. ಮೂರನೆಯ ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನಾನು ತೋಳನ್ನು ಮಡಿಸಿ, ಅವರ ಬೆನ್ನು ನೋಡುತ್ತ ಒಂದು ಗಂಟೆ ಕೂತಿದ್ದು ಎದ್ದು ಬಂದೆ. ಬೆನ್ನು ನೋಡುವುದು ನನಗೇನು ಹೊಸದೇ? ಆದರೆ ಆ ಬೆನ್ನನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಸುಸ್ತಾದ ಬೆನ್ನು. ಎರಡು ಭುಜಗಳ ನಡುವೆ ಅಂಗಿ ಒಳಗೆ ಕುಸಿದಿತ್ತು.

ಸಮಾಧಾನ ಹೇಳುವವರಿಗೇನು ಬರ! ಅತ್ತಿಗೆಯ ತಮ್ಮ ಬಂದು, "ಭಾವ, ನಾಲ್ಕು ದಿನ ಎಲ್ಲಾದ್ರೂ ಸುತ್ತಾಡಿ ಬನ್ನಿ, ಎಲ್ಲ ಸರಿಹೋಗುತ್ತೆ" ಎಂದು ಒಂದು ತಾಸು ಭಾಷಣ ಮಾಡಿದ. ನನಗೆ ತಡೆಯಲಾಗಲಿಲ್ಲ. "ಕಾಲು ಮುರಿದವರಿಗೂ ಹೀಗೇ ಹೇಳ್ತೀರಾ?" ಎಂದೆ. ಆತ ಮುಖ ಸಿಂಡರಿಸಿಕೊಂಡು ಹೋದ. ಮಾಸ್ಟರು ಅವತ್ತು ತೋಳಿನಿಂದ ಒಂದು ಚೌಕ ತುಂಡು ಕತ್ತರಿಸಿ, ಅಂಚು ಮಡಿಸಿ, ಅತ್ತಿಗೆಗೆ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಮಾಡಿಕೊಟ್ಟರು.

ಆಮೇಲೆ ಕುರ್ಚಿಯ ಕಾಲುಗಳಿಗೆ ಸಾಕ್ಸು ಬಂದವು. ನೀರಿನ ಬಾಟಲಿಗೆ ಅಂಗಿ ಬಂತು. ಅತ್ತಿಗೆಯ ಮಂಡಿನೋವಿಗೆ ಪಟ್ಟಿ ಬಂತು. ಹತ್ತನೆಯ ತೋಳಿನ ಹೊತ್ತಿಗೆ ಬಾಯಿ ಒಣಗುತ್ತದೆ, ಮಾತ್ರೆ ಬೇಡ ಎಂದು ಹಟ ಹಿಡಿದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಅವರು ಬೇರೆಯದು ಬರೆದುಕೊಟ್ಟರು. ಮೇಲಕ್ಕೆ ಹತ್ತಿದ ಹಾಗೆ ಕಂಡು ಮತ್ತೆ ದಡಕ್ಕನೆ ಇಳಿಯುತ್ತಿದ್ದರು. ಹದಿನಾರನೆಯ ತೋಳನ್ನು ಚೂರು ಚೂರು ಮಾಡಿ ಎದುರಿಗೆ ಎಸೆದರು. ನಾನು ಆ ಚೂರುಗಳನ್ನು ಆರಿಸಿ ದಿಂಬಿಗೆ ತುಂಬಿದೆ. ಹಾಗೆ ಅದೂ ಒಂದು ಕೆಲಸವಾಗಿ ಲೆಕ್ಕಕ್ಕೆ ಬಂತು.

ನಾನೇನು ದೊಡ್ಡ ತ್ಯಾಗ ಮಾಡುತ್ತಿದ್ದೆ ಎಂದು ಯಾರೂ ತಿಳಿಯಬೇಡಿ. ನನ್ನ ಕೋಣೆಯಲ್ಲಿ ಒಂದು ಮಂಚ, ಒಂದು ಒಲೆ, ಒಂದು ಕಿಟಕಿ. ಬೀಗ ತೆಗೆಯುವವಳೂ ನಾನೇ, ಹಾಕುವವಳೂ ನಾನೇ. ಬಾಯಿ ಜೋರು ಎಂದು ಎಲ್ಲರೂ ಹೇಳುವ ಈ ಸೂಜಿ, ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಒಂದು ಮಾತೂ ಆಡದೆ ವರ್ಷಗಟ್ಟಲೆ ಕಳೆದಿದ್ದಾಳೆ. ಈಗ ಮಂಚದ ಕೆಳಗೆ ತಗಡಿನ ಡಬ್ಬಿಯಲ್ಲಿ ಮಾಸ್ಟರ ಕತ್ತರಿ ಇತ್ತು. ಮಲಗುವ ಮೊದಲು ಡಬ್ಬಿ ಎಳೆದು ನೋಡುತ್ತಿದ್ದೆ. ಅದು ಇಲ್ಲಿದೆ ಎಂದರೆ ಅವರು ಅಲ್ಲಿದ್ದಾರೆ. ಯಾರೋ ಒಬ್ಬರನ್ನು ಕಾಯುವ ಕೆಲಸ ನನಗೂ ಬೇಕಾಗಿತ್ತೋ ಏನೋ.

ಇಪ್ಪತ್ತನಾಲ್ಕನೆಯ ತೋಳಿನಲ್ಲಿ ಮಾಸ್ಟರು ಕನ್ನಡಕದ ಚೀಲ ಕತ್ತರಿಸಿದರು. ಹೊಲಿಗೆ ಅವರದು, ಗುಂಡಿ ನನ್ನದು. ಹೊಲಿದು ಕೊಟ್ಟೆ. ಕನ್ನಡಕದ ಮೇಲಿಂದ ಗುಂಡಿಯನ್ನು ನೋಡಿದರು, ನನ್ನನ್ನು ನೋಡಿದರು.

"ಇದನ್ನ ನೀನೇ ಹೊಲಿದೆಯಾ?"

"ಮತ್ತಿನ್ನಾರು?"

"ಅಲ್ಲ, ಮೇಕೆ ಅಗಿದು ಬಿಟ್ಟಿದ್ದೇನೋ ಅಂದ್ಕೊಂಡೆ."

ಎಡಭುಜ ಅಲುಗಿತು. ಒಂದೇ ಸಲ, ಚೂರೇ ಚೂರು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ. ಪಕ್ಕದಲ್ಲಿ ಕೂತ ಹೆಂಗಸು ಏನಾಯಿತು ಎಂದು ಕೇಳಿದಳು. "ನನ್ನ ಹೊಲಿಗೆ ಚೆನ್ನಾಗಿಲ್ಲವಂತೆ" ಎಂದೆ. ಅವಳು ಸ್ವಲ್ಪ ಆಚೆ ಸರಿದು ಕೂತಳು.

ಮೂವತ್ತು ದಾಟಿದ ಮೇಲೆ ಮಾಸ್ಟರು ಅರ್ಧ ದಿನ ಕೆಲಸಕ್ಕೆ ಬರತೊಡಗಿದರು. ಮಾಲೀಕರು ಬಾಗಿಲಲ್ಲಿ ತಲೆ ಹಾಕಿ, 'ಆಯ್ತಾ' ಎನ್ನಲು ಬಾಯಿ ತೆರೆದು, ಉಗುಳು ನುಂಗಿ, "ನಿಧಾನ, ನಿಧಾನ" ಎಂದು ಹೋದರು. ಹಾಸು ಹಾಕಿ ಗೆರೆ ಎಳೆದ ಮೇಲೆ ಮಾಸ್ಟರು ನನ್ನನ್ನು ಕರೆಯುತ್ತಾರೆ. ನಾನು ಒಂದೊಂದು ಗೆರೆಯ ಮೇಲೂ ಬೆರಳಿಟ್ಟು "ಎಡ, ಬಲ" ಎಂದು ಗಟ್ಟಿಯಾಗಿ ಹೇಳಬೇಕು. ಆಮೇಲೇ ಮಷಿನ್ನು ಹಚ್ಚುವುದು. ನಾಚಿಕೆಯೇನಿಲ್ಲ ಎಂದು ಅವರೇ ಈ ಕ್ರಮ ಮಾಡಿದ್ದು. ಕತ್ತರಿಯನ್ನು ಬೆಳಿಗ್ಗೆ ನಾನು ತರುತ್ತಿದ್ದೆ, ಸಂಜೆ ಅವರ ಮನೆಗೆ ತೋಳಿನ ಜೊತೆ ಒಯ್ಯುತ್ತಿದ್ದೆ, ಅಲ್ಲಿಂದ ನನ್ನ ಕೋಣೆಗೆ. ಒಂದು ದಿನವೂ ಅವರು "ತಗೊಂಡ್ಹೋಗು" ಎನ್ನುವುದನ್ನು ತಪ್ಪಿಸಲಿಲ್ಲ. ಚೆನ್ನಾಗಿ ಉಂಡ ದಿನವೂ, ನಕ್ಕ ದಿನವೂ.

ನಲವತ್ತನೆಯ ತೋಳಿನ ದಿನ ಬಂತು. ಏನು ಮಾಡುತ್ತಾರೆ ಎಂದು ಅತ್ತಿಗೆಗೂ ನನಗೂ ಕುತೂಹಲ. ಮಾಸ್ಟರು ಕತ್ತರಿಯನ್ನೇ ತೋಳಿನ ಮೇಲೆ ಮಲಗಿಸಿ, ಅದರ ಸುತ್ತ ಚಾಕ್ ತುಂಡಿನಿಂದ ಗೆರೆ ಎಳೆದರು. ಕಾಗದವಿಲ್ಲ, ಅಳತೆಪಟ್ಟಿಯಿಲ್ಲ, ಒಂದೇ ಎಳೆತ. ಕತ್ತರಿಸಿದರು, ಹೊಲಿದರು. ಕತ್ತರಿಗೊಂದು ಒರೆಯಾಯಿತು. ಅದರೊಳಗೆ ಕತ್ತರಿ ಇಳಿಸಿ ಮೇಜಿನ ಮೇಲಿಟ್ಟರು. ನಾನು ಎಂದಿನಂತೆ ಕೈ ಚಾಚಿದೆ.

ಅವರು ಕೊಡಲಿಲ್ಲ. "ಇವತ್ತು ಇಲ್ಲೇ ಇರ್ಲಿ" ಎಂದರು.

ನಾನು ಅತ್ತಿಗೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ಡಾಕ್ಟರ ಹತ್ತಿರ ಕೇಳಿದೀನಿ" ಎಂದರು ಮಾಸ್ಟರು. "ಈ ಸಲ ಅವರೂ ಸರಿ ಅಂದ್ರು. ಕತ್ತರಿ ಮನೇಲಿದ್ರೂ ಪರವಾಗಿಲ್ಲ ಅಂತ ನಿಮಗೇ ಅನ್ನಿಸೋವರೆಗೂ ಕಾಯಿರಿ ಅಂದಿದ್ರು. ಅನ್ನಿಸ್ತು. ನಾಳೆ ಬೇಡ ಅನ್ನಿಸಿದ್ರೆ ನಿನಗೇ ಕೊಡ್ತೀನಿ. ಹೋಗು, ಬಸ್ಸು ತಪ್ಪುತ್ತೆ."

ಬರಿಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಎಷ್ಟು ಹಗುರವಿತ್ತೆಂದರೆ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ, ಏನೋ ಬೀಳಿಸಿಕೊಂಡು ಬಂದವಳ ಹಾಗೆ. ಕೋಣೆಯಲ್ಲಿ ಅಭ್ಯಾಸಬಲದಿಂದ ತಗಡಿನ ಡಬ್ಬಿ ಎಳೆದೆ. ಖಾಲಿ ಡಬ್ಬಿ ಟಣಟಣ ಎನ್ನುತ್ತ ನೆಲದ ಮೇಲೆ ಸರಿದು ಬಂತು. ನಂಬಬೇಕು ಎಂದು ಬುದ್ಧಿ ಹೇಳುತ್ತಿತ್ತು, ಎದೆ ಕೇಳುತ್ತಿರಲಿಲ್ಲ. ಅಷ್ಟು ಉದ್ದದ ರಾತ್ರಿಯನ್ನು ನಾನು ಕಂಡಿಲ್ಲ. ಮಾಸ್ಟರು ಆರು ತಿಂಗಳು ಇಂಥವನ್ನು ಒಬ್ಬರೇ ಕಳೆದಿದ್ದರಲ್ಲ ಎಂದು ಆಗ ಹೊಳೆಯಿತು.

ಬೆಳಕು ಹರಿಯುತ್ತಿದ್ದಂತೆ ಎದ್ದು, ಮುಖಕ್ಕೆ ನೀರು ಹಾಕಿಕೊಂಡು, ಮೊದಲ ಬಸ್ಸು ಹಿಡಿದೆ. ಏಳು ಗಂಟೆ. ಹೊಲಿಗೆ ಕೋಣೆಯ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಏಳೂವರೆ ಆಯಿತು, ಎಂಟಾಯಿತು. ಮಾಲೀಕರು ಬಂದು ಬೀಗ ತೆಗೆದರು. ನಾನು ಸ್ಟೂಲಿನ ಮೇಲೆ ಕೂತೆ. ಎದುರಿಗೆ ಕಿಟಕಿ, ಕಿಟಕಿಯ ಮುಂದೆ ಬರಿಯ ಮೇಜು. ಉದ್ದಣ್ಣ ಬಂದ, ಉಳಿದವರು ಬಂದರು. ಒಂದೊಂದೇ ಮಷಿನ್ನು ಸದ್ದು ಮಾಡತೊಡಗಿತು. ಗುಂಡಿ ಹೊಲಿಯಲು ಹೋಗಿ ಬೆರಳಿಗೆ ಚುಚ್ಚಿಕೊಂಡೆ.

ಒಂಬತ್ತಕ್ಕೆ ಬಾಗಿಲು ತೆರೆಯಿತು. ಮಾಸ್ಟರು ಒಳಗೆ ಬಂದರು, ಮೊದಲಿನ ದಿನಗಳ ಹಾಗೆ ಸರಿಯಾಗಿ ಒಂಬತ್ತಕ್ಕೆ. ಬಸ್ಸಿನಲ್ಲಿ ನಿದ್ದೆ ಮಾಡಿದ್ದರಿಂದ ಕೆನ್ನೆಯ ಮೇಲೆ ಕಿಟಕಿಯ ಕಂಬಿಯ ಗುರುತು ಮೂಡಿತ್ತು. ಯಾರ ಕಡೆಗೂ ನೋಡದೆ ಮೇಜಿನ ಹತ್ತಿರ ಹೋಗಿ, ಒರೆಯಿಂದ ಕತ್ತರಿ ತೆಗೆದು, ಬಟ್ಟೆ ಹಾಸಿ, ಗೆರೆ ಎಳೆದರು. ನನ್ನ ಎದುರಿಗೆ ಮತ್ತೆ ಆ ಬೆನ್ನು ಬಂತು.

"ಸೂಜಿ, ಬಾ ಇಲ್ಲಿ. ಎಡನೋ ಬಲನೋ ನೋಡು."

ಎದ್ದು ಹೋದೆ. ಬೆರಳಿಟ್ಟು ಎಡ ಎಂದೆ, ಬಲ ಎಂದೆ. ತಲೆ ಎತ್ತದೆ, ಬಟ್ಟೆಯ ಸುಕ್ಕು ತೀಡುತ್ತ, ಮಷಿನ್ನುಗಳ ಸದ್ದಿನಲ್ಲಿ ನನಗೊಬ್ಬಳಿಗೇ ಕೇಳಿಸುವ ಹಾಗೆ ಹೇಳಿದರು:

"ತೋಳು ಮುಗೀತು ಅಂತ ಬರೋದು ನಿಲ್ಲಿಸ್ಬೇಡ. ಆ ಕೋಣೇಲಿ ಒಬ್ಬಳೇ ಕೂತು ಏನ್ ಮಾಡ್ತೀಯ? ಸಂಜೆ ಮನೆಗೆ ಬಾ."